ಹಳೇ ನಡೆಯೋ ಗಾಡಿಗೆ ಚನ್ನಪಟ್ಟಣದಲ್ಲೇ ರಿಪೇರಿ: ಕೆಲಸಕ್ಕೆ ಪೂರ್ತಿ ಮಾರ್ಕು, ಪ್ಯಾಕಿಂಗಿಗೆ ಸೊನ್ನೆ

ಮನೆಯಲ್ಲಿ ಹಳೇ ಚನ್ನಪಟ್ಟಣದ ಆಟಿಕೆ ಇದ್ದು, ಬಣ್ಣ ಎದ್ದುಹೋಗಿದೆ, ಚಕ್ರ ಮುರಿದಿದೆ ಅಂತಾದರೆ ಅದನ್ನು ಫರ್ನಿಚರ್ ಪಾಲಿಶ್ ಮಾಡುವವರಿಗೆ ಕೊಡಬೇಡಿ. ಚನ್ನಪಟ್ಟಣಕ್ಕೇ ತೆಗೆದುಕೊಂಡು ಹೋಗಿ. ಅಲ್ಲಿ ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಮುಂದೆ ಕೂತು ಅರಗಿನ ಕೆಲಸ ಮಾಡುವವರ ಕೈಗೆ ಕೊಡಿ. ನಾನು ಹೇಳಬೇಕಾಗಿರೋದು ಇಷ್ಟೇ, ಆದರೆ ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಯಾಕಂದರೆ ನಾನು ಹುಡುಕಿದಾಗ ಎಲ್ಲಿ ನೋಡಿದರೂ ಹೊಸ ಆಟಿಕೆ ಕೊಳ್ಳೋ ಮಾತೇ ಇತ್ತು, ಹಳೇದನ್ನು ಉಳಿಸಿಕೊಳ್ಳೋದು ಹೇಗೆ ಅಂತ ಯಾರೂ ಬರೆದಿರಲಿಲ್ಲ.

ನಮ್ಮದು ಮಕ್ಕಳು ನಡೆಯೋಕೆ ಕಲಿಯುವಾಗ ಹಿಡಿದು ತಳ್ಳುವ ಮೂರು ಚಕ್ರದ ಮರದ ಗಾಡಿ. ಅಜ್ಜ 1960ರ ದಶಕದಲ್ಲಿ ದೊಡ್ಡ ಮಾವನಿಗೆ ಅಂತ ತಂದದ್ದು. ಮಾವ ಆದಮೇಲೆ ಅಮ್ಮ, ಚಿಕ್ಕಮ್ಮ, ಆಮೇಲೆ ಅಕ್ಕ, ನಾನು, ಎಲ್ಲರೂ ಅದನ್ನೇ ಹಿಡಿದು ನಡೆದವರು. ಈಗ ಅಕ್ಕನ ಮಗಳು ಗೋಡೆ ಹಿಡಿದು ನಿಲ್ಲೋಕೆ ಶುರು ಮಾಡಿದ್ದಾಳೆ, ಹಾಗಾಗಿ ಅಟ್ಟದಿಂದ ಇಳಿಸಿದೆವು. ಮೇಲೊಂದು ಅಡ್ಡ ಹಿಡಿಕೆ, ಎರಡು ಕಡೆ ಕಡೆದ ಕಂಬ, ಕೆಳಗೆ ಹಲಗೆ, ಮುಂದೆ ಗಿಳಿ ಆಕಾರದಲ್ಲಿ ಕತ್ತರಿಸಿದ ಇನ್ನೊಂದು ಹಲಗೆ, ತಳ್ಳಿದರೆ ಟಕಟಕ ಅಂತ ಬಡಿಯುವ ಎರಡು ಪುಟ್ಟ ಕೊಡತಿ. ಒಂದು ಚಕ್ರ ಸೀಳಿ ಎರಡು ಹೋಳಾಗಿತ್ತು. ಇರುಸಿನ ಕಂಬಿ ತುಕ್ಕು ತಿಂದು ಚಕ್ರ ತಿರುಗುತ್ತಲೇ ಇರಲಿಲ್ಲ. ಹೆಂಚು ಸೋರಿ ನೀರು ಬಿದ್ದ ಕಡೆ ಒಂದು ಕಂಬದ ಮೇಲೆ ಬಿಳಿ ಬಿಳಿ ಕಲೆ. ಹಿಡಿಕೆಯ ಬಣ್ಣ ಸಣ್ಣ ಸಣ್ಣ ಚೂರಾಗಿ ಬಿರಿದು ಉದುರೋಕೆ ಶುರುವಾಗಿತ್ತು. ಅದೇ ಹಿಡಿಕೆಯ ನಡುವೆ ಹಲ್ಲಿನ ಗುರುತುಗಳಿವೆ. ಮಾವನದೋ ಅಮ್ಮನದೋ ಅಂತ ಅವರಿಬ್ಬರೂ ಇವತ್ತಿಗೂ ಜಗಳ ಆಡುತ್ತಾರೆ.

ಮೊದಲು ಬೆಂಗಳೂರಲ್ಲೇ ಒಂದು ಪಾಲಿಶ್ ಅಂಗಡಿಯಲ್ಲಿ ವಿಚಾರಿಸಿದೆ. ಹೆಸರು ಬೇಡ. ಅವರು ಗಾಡಿಯನ್ನು ಒಂದು ಸಲ ತಿರುಗಿಸಿ ನೋಡಿ, ಎಲ್ಲಾ ಉಜ್ಜು ಕಾಗದ ಹಾಕಿ ಬಿಳಿ ಮರ ಬರೋವರೆಗೆ ಉಜ್ಜುತ್ತೇವೆ, ಗುಂಡಿ ಇರೋ ಕಡೆ ಪುಟ್ಟಿ ತುಂಬುತ್ತೇವೆ, ಮೇಲೆ ಪಿಯು (ಪಾಲಿಯುರಥೇನ್) ಪಾಲಿಶ್ ಸ್ಪ್ರೇ ಹೊಡೆದರೆ ಹೊಸದರ ಹಾಗೆ ಹೊಳೆಯುತ್ತದೆ ಅಂದರು. ಗುಂಡಿ ಅಂದರೆ ಆ ಹಲ್ಲಿನ ಗುರುತು. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಮಂಚ, ಮೇಜಿಗೆ ಅದೇ ಸರಿಯಾದ ಕೆಲಸ ಇರಬಹುದು. ಆದರೆ ಚನ್ನಪಟ್ಟಣದ ಆಟಿಕೆಯ ಮೇಲಿರೋದು ಬ್ರಷ್‌ನಲ್ಲಿ ಬಳಿದ ಬಣ್ಣ ಅಲ್ಲ, ಅದು ಅರಗು. ಅದನ್ನು ಉಜ್ಜಿ ತೆಗೆದರೆ ಆಟಿಕೆಯಲ್ಲಿ ಉಳಿಯೋದು ಬರೀ ಕಟ್ಟಿಗೆ.

ಅರಗು ಅಂದರೆ ಮುತ್ತುಗ, ಬೋರೆ, ಸಾಗಡೆ ಥರದ ಮರಗಳ ಕೊಂಬೆ ಮೇಲೆ ಅರಗಿನ ಹುಳುಗಳು ಸ್ರವಿಸುವ ಅಂಟು. ಅದನ್ನು ಕೆಂಡದ ಮೇಲೆ ಬಿಸಿ ಮಾಡಿ, ಬಣ್ಣ ಸೇರಿಸಿ, ಜೋನಿ ಪಾಕ ಎಳೆದ ಹಾಗೆ ಎಳೆದೆಳೆದು ಹದ ಮಾಡಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಲೇತ್ ಮೇಲೆ ಮರದ ತುಂಡು ಜೋರಾಗಿ ತಿರುಗುವಾಗ ಈ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಗರಿಯನ್ನು ಅದರ ಮೇಲೆ ಒತ್ತಿ ಹಿಡಿದು ಆಚೀಚೆ ಓಡಿಸುತ್ತಾರೆ, ಅರಗು ಎಲ್ಲಾ ಕಡೆ ಒಂದೇ ಸಮ ಹರಡಿ ಹೊಳಪು ಬರುತ್ತದೆ. ಬ್ರಷ್ಷೂ ಇಲ್ಲ, ಥಿನ್ನರ್ ಇಲ್ಲ, ಒಣಗೋಕೆ ಕಾಯೋದೂ ಇಲ್ಲ. ಹೀಗೆ ಬಿಸಿಯಲ್ಲಿ ಕೂತ ಬಣ್ಣ ಬಿಸಿಗೇ ಮತ್ತೆ ಮೆತ್ತಗಾಗುತ್ತದೆ, ಅಲ್ವಾ? ಅಂದರೆ ಬಿರುಕು ಬಿಟ್ಟ ಹಳೇ ಅರಗನ್ನು ಕಿತ್ತು ಬಿಸಾಡಬೇಕಾಗಿಲ್ಲ, ಮತ್ತೆ ಲೇತ್‌ಗೆ ಹಾಕಿ ಅದನ್ನೇ ಕೂಡಿಸಬಹುದು. ಈ ಒಂದು ವಿಷಯ ಗೊತ್ತಿದ್ದವರಿಗೇ ಆಟಿಕೆ ಕೊಡಬೇಕು.

ಚನ್ನಪಟ್ಟಣ ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ರೈಲು ನಿಲ್ಲುತ್ತದೆ. ಕಾರಲ್ಲಿ ಹೋಗುವವರು ಹಳೇ ಮೈಸೂರು ರಸ್ತೆಯಲ್ಲೇ ಹೋಗಿ. 2023ರಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದರೆ ಊರು ಪಕ್ಕದಲ್ಲೇ ದಾಟಿಹೋಗುತ್ತದೆ. ಆ ಬೈಪಾಸ್ ಆದಮೇಲೆ ಹಳೇ ರಸ್ತೆ ಬದಿಯ ಗೊಂಬೆ ಅಂಗಡಿಗಳಿಗೆ ವ್ಯಾಪಾರ ತುಂಬಾ ಬಿದ್ದುಹೋಗಿದೆ, ಅದನ್ನು ನೋಡಿದರೆ ಬೇಜಾರಾಗುತ್ತದೆ. ರಸ್ತೆ ಬದಿಯ ಅಂಗಡಿಗಳಲ್ಲಿ ರಿಪೇರಿ ಕೇಳಿದರೆ ಹೊಸದು ತಗೊಳ್ಳಿ ಅನ್ನುತ್ತಾರೆ, ಅದು ಸಹಜ, ಅವರು ಮಾರುವವರು. ಕೆಲಸ ಮಾಡುವವರು ಇರೋದು ಒಳಗೆ, ಕಲಾನಗರದಂಥ ಕಡೆ, ಮನೆ ಮುಂದಿನ ಒಂದೇ ಕೋಣೆಯ ಕಾರ್ಖಾನೆಗಳಲ್ಲಿ. ನಾನು ಕೊಟ್ಟ ಜಾಗಕ್ಕೆ ಬೋರ್ಡೂ ಇಲ್ಲ. ವಯಸ್ಸಾದ ಯಜಮಾನರು, ಜೊತೆಗೆ ಅವರ ಸೊಸೆ, ಇಬ್ಬರೇ. ಹೆಸರು, ನಂಬರು ಹಾಕಬೇಡಿ, ರಿಪೇರಿ ಅಂತ ಜನ ಬಂದರೆ ಕೈಯಲ್ಲಿರೋ ಆರ್ಡರ್ ನಿಲ್ಲುತ್ತೆ ಅಂತ ಅವರೇ ಹೇಳಿದರು, ಹಾಗಾಗಿ ಹಾಕುತ್ತಿಲ್ಲ. ಆದರೆ ಒಳ್ಳೇ ಕೆಲಸಗಾರರನ್ನು ಗುರುತು ಹಿಡಿಯೋದು ಹೇಗೆ ಅನ್ನೋದನ್ನು ಅವರು ಮಾಡಿದ ಕೆಲಸವನ್ನೇ ನೋಡಿ ಹೇಳಬಹುದು.

ಅವರು ಮೊದಲು ಮಾಡಿದ್ದು ಗಾಡಿಯನ್ನು ತಲೆಕೆಳಗೆ ಮಾಡಿ, ಹತ್ತಿಯಲ್ಲಿ ಒಂದಿಷ್ಟು ಸ್ಪಿರಿಟ್ ಅದ್ದಿ, ಕಣ್ಣಿಗೆ ಬೀಳದ ಜಾಗದಲ್ಲಿ ಒರೆಸಿದ್ದು. ಕಂಬದ ಬುಡದಲ್ಲಿ ಒರೆಸಿದಾಗ ಹತ್ತಿಗೆ ಕೆಂಪು ಹತ್ತಿತು. "ಇದು ಅರಗು" ಅಂದರು. ಗಿಳಿ ಹಲಗೆಯ ಹಿಂದೆ ಒರೆಸಿದಾಗ ಹತ್ತಿ ಬೆಳ್ಳಗೇ ಇತ್ತು. "ಇದು ಡಬ್ಬಿ ಪೇಂಟು." ಚಪ್ಪಟೆ ಹಲಗೆಯನ್ನು ಲೇತ್ ಮೇಲೆ ತಿರುಗಿಸೋಕೆ ಆಗಲ್ಲ, ಅದಕ್ಕೇ ಅಂಥ ಕಡೆ ಎನಾಮಲ್ ಬಳಿದಿದ್ದಾರೆ. ಒಂದೇ ಆಟಿಕೆಯಲ್ಲಿ ಎರಡು ಬೇರೆ ಬೇರೆ ಬಣ್ಣ, ಎರಡಕ್ಕೂ ಬೇರೆ ಬೇರೆ ಔಷಧಿ. ಈ ಪರೀಕ್ಷೆ ಮಾಡದೆ ಕೈ ಹಾಕುವವರಿಗೆ ಕೊಡಬೇಡಿ.

ಆಮೇಲೆ ತುಕ್ಕು ಹಿಡಿದ ಕಂಬಿ ಹೊಡೆದು ಚಕ್ರ ಬಿಡಿಸಿದರು. ಚಕ್ರದ ಒಳಮೈ, ಹಲಗೆಗೆ ಅಂಟಿಕೊಂಡಿದ್ದ ಜಾಗದಲ್ಲಿ, ಬೆರಳಗಲದ ಒಂದು ಸುತ್ತು ಬಿಸಿಲನ್ನೇ ನೋಡಿರಲಿಲ್ಲ. ನಾವು ಇಷ್ಟು ವರ್ಷ ಮಾಸಲು ಕಂದು ಅಂದುಕೊಂಡಿದ್ದ ಚಕ್ರ ಅಲ್ಲಿ ಒಳ್ಳೇ ಗಾಢ ಕೆಂಪು, ಅಂಚಲ್ಲಿ ಗೆರೆ ಎಳೆದ ಹಾಗೆ ಹಳದಿ. ಅಮ್ಮ ಅದನ್ನು ನೋಡಿ, ಹೌದೌದು, ಹಳದಿ ಗೆರೆ ಇತ್ತು ಅಂತ ನೆನಪು ಮಾಡಿಕೊಂಡರು. ಹೊಸ ಚಕ್ರಕ್ಕೆ ಬಣ್ಣ ಹೊಂದಿಸಿದ್ದು ಆ ಸುತ್ತನ್ನು ನೋಡಿಯೇ.

ಲೇತ್ ಕೆಲಸ ನಾನು ಪಕ್ಕದಲ್ಲೇ ಕೂತು ನೋಡಿದೆ. ಕಂಬದ ಎರಡೂ ತುದಿಯಲ್ಲಿ ಮೊದಲ ಸಲ ಕಡೆದಾಗಿನ ಚುಕ್ಕಿ ಗುರುತು ಇನ್ನೂ ಇತ್ತು. ಉಗುರಲ್ಲಿ ತಡವಿ ಅದನ್ನು ಹುಡುಕಿ ಅಲ್ಲಿಗೇ ಲೇತ್‌ನ ಮೊಳೆ ಕೂರಿಸಿದರು. ತಿರುಗಿಸಿದಾಗ ಕಂಬ ಸ್ವಲ್ಪ ಕುಣಿಯಿತು. ಹಳೇ ಮರ ಗುಂಡಗೆ ಉಳಿಯಲ್ಲ, ಯಾಕಂದರೆ ಒಣಗುವಾಗ ಮರ ಎಲ್ಲಾ ದಿಕ್ಕಿಗೂ ಒಂದೇ ಸಮ ಕುಗ್ಗಲ್ಲ, ಒಳಗಿನ ಉಂಗುರಗಳ ಸುತ್ತ ಜಾಸ್ತಿ, ನಡುವಿನಿಂದ ಹೊರಗಡೆಗೆ ಕಡಿಮೆ. ಹೀಗಾಗಿ ಗುಂಡಗೆ ಕಡೆದದ್ದು ವರ್ಷ ಕಳೆದ ಹಾಗೆ ಸಣ್ಣಗೆ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ. ಇಲ್ಲಿ ಉಳಿ ಹಿಡಿದು ಮತ್ತೆ ಗುಂಡಗೆ ಮಾಡಿಬಿಡೋದು ಸುಲಭ. ಎರಡು ನಿಮಿಷದ ಕೆಲಸ. ಆದರೆ ಅದರಲ್ಲಿ ಹಳೇ ಅರಗೂ ಹೋಗುತ್ತದೆ, ಮರವೂ ತೆಳ್ಳಗಾಗುತ್ತದೆ. ಯಜಮಾನರು ಉಳಿ ಮುಟ್ಟಲೇ ಇಲ್ಲ. "ಮರ ಹೆಂಗಿದೆಯೋ ಹಂಗೇ ಹೋಗ್ಬೇಕಮ್ಮಾ, ನಾವು ಅದರ ಹಿಂದೆ ಹೋಗ್ಬೇಕು" ಅಂದರು. ಮೋಟರ್ ವೇಗ ಕಡಿಮೆ ಮಾಡಿ, ಅರಗಿನ ಕಡ್ಡಿಯನ್ನು ತೀರಾ ಬಿಗಿಯಾಗಿ ಹಿಡಿಯದೆ, ಕಂಬ ಕುಣಿದ ಹಾಗೆ ಕೈಯೂ ಕುಣಿಯೋಕೆ ಬಿಟ್ಟರು. ನೀರಿನ ಬಿಳಿ ಕಲೆ ನನ್ನ ಕಣ್ಣೆದುರಿಗೇ ಹೋಯಿತು. ಅರಗಿನೊಳಗೆ ಸೇರಿಕೊಂಡ ತೇವ ಅದು, ಬಿಸಿಗೆ ಬಿಟ್ಟುಹೋಗುತ್ತದಂತೆ. ಆಮೇಲೆ ಮುಳ್ಳಂಚು ಸೀಳಿ ತೆಗೆದ ಕೇದಗೆ ಗರಿಯನ್ನು ಮಡಚಿ ಹಿಡಿದು ಮೇಲಿಂದ ಕೆಳಗೆ ಒಂದೇ ಸಲ ಎಳೆದರು. ಮಾಸಲು ಕಂಬಕ್ಕೆ ಒಳಗಿನಿಂದ ಹೊಳಪು ಬಂತು, ಆದರೆ ಹೊಸದರ ಹಾಗೆ ಅಲ್ಲ, ಹಳೇ ಗೀರುಗಳೆಲ್ಲ ಒಳಗೆ ಹಾಗೇ ಕಾಣುತ್ತವೆ. ನನಗೆ ಬೇಕಾಗಿದ್ದೂ ಅದೇ.

ಹಿಡಿಕೆ ಕೆಲಸ ಎಲ್ಲಕ್ಕಿಂತ ಚೆನ್ನಾಗಿತ್ತು. ಎರಡು ತುದಿಯಿಂದ ಬಿರುಕುಗಳನ್ನು ಕೂಡಿಸಿಕೊಂಡು ಬಂದು, ಹಲ್ಲಿನ ಗುರುತು ಶುರುವಾಗೋ ಜಾಗಕ್ಕೆ ನಿಲ್ಲಿಸಿಬಿಟ್ಟರು. ಅಲ್ಲಿ ಕಡ್ಡಿ ಒತ್ತಿದರೆ ಅರಗು ಗುಂಡಿಯೊಳಗೆ ತುಂಬಿಕೊಂಡು ಗುರುತು ಅಳಿಸಿಹೋಗುತ್ತದೆ. ನಾನು ಹೇಳೋ ಮುಂಚೆಯೇ, ಇದನ್ನು ಬಿಡಲಾ ಅಂತ ಅವರೇ ಕೇಳಿದರು. ನಾಲ್ಕು ಬೆರಳಗಲ ಹಾಗೇ ಉಳಿದಿದೆ. ಉದುರಬಾರದು ಅಂತ ಅಂಚಲ್ಲಿ ಮಾತ್ರ ಬಿಸಿ ಮಾಡಿದ ಸಣ್ಣ ಕಬ್ಬಿಣದ ತುದಿಯಿಂದ ಅರಗನ್ನು ಒತ್ತಿ ಕೂರಿಸಿದರು.

ಈಗ ಎಲ್ಲರೂ ಗಮನ ಕೊಡಬೇಕಾದ ವಿಷಯ. ಹಳೇ ಆಟಿಕೆ ಚೆಂದ ಆಯಿತು ಅಂತ ಸೀದಾ ಮಗುವಿನ ಕೈಗೆ ಕೊಡಬೇಡಿ. ಹಳೇ ಎನಾಮಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನೋ ಕಡ್ಡಾಯ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟನ್ನು ಸೀಸ ಇದೆ ಅಂತಲೇ ತಿಳಿದು ನೋಡಿಕೊಳ್ಳೋದು ಒಳ್ಳೆಯದು. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು, ಇಷ್ಟು ಹೋದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲೂ ದಯವಿಟ್ಟು ಮನೆಯಲ್ಲಿ ಕೂತು ಹಳೇ ಪೇಂಟನ್ನು ಒಣ ಉಜ್ಜು ಕಾಗದದಲ್ಲಿ ಉಜ್ಜಬೇಡಿ. ಹಲಗೆ ಮೇಲೆ ಸುಮ್ನೆ ಕೂತಿದ್ದ ಸೀಸವನ್ನು ಧೂಳು ಮಾಡಿ ಇಡೀ ಮನೆಗೆ ಹರಡಿದ ಹಾಗಾಗುತ್ತದೆ.

ಹಾಗಾದರೆ ಗಿಳಿ ಹಲಗೆ ಏನು ಮಾಡೋದು? ನಾನು ಮೇಲೆ ವಾರ್ನಿಷ್ ಹೊಡೆದುಬಿಡೋಣ ಅಂದುಕೊಂಡಿದ್ದೆ. ಯಜಮಾನರ ಸೊಸೆ ಇನ್ನೂ ಒಳ್ಳೇ ದಾರಿ ಹೇಳಿದರು: "ಹಲಗೆ ಎರಡು ಸ್ಕ್ರೂ ಮೇಲೆ ತಾನೇ ನಿಂತಿರೋದು ಅಕ್ಕಾ, ಇದೇ ಅಳತೆಗೆ ಬರೀ ಮರದ್ದು ಇನ್ನೊಂದು ಮಾಡಿಕೊಡ್ತೀವಿ, ಮಗು ಆಡೋವಾಗ ಅದನ್ನ ಹಾಕಿ." ಹಿಡಿಕೆಗೂ ಹಾಗೇ ಮಾಡಿಸಿದೆ. ಹಿಡಿಕೆ ಕಡಿಯದ ಮಗು ಎಲ್ಲಿದೆ, ಆ ಹಲ್ಲಿನ ಗುರುತುಗಳೇ ಸಾಕ್ಷಿ. ಆ ಕಾಲದ ಅರಗಿನ ಕಡ್ಡಿಗೂ ಬಣ್ಣದ ಪುಡಿಗಳನ್ನು ಸೇರಿಸುತ್ತಿದ್ದರು, ಎಲ್ಲವೂ ಬಾಯಿಗೆ ಹೋಗೋಕೆ ತಕ್ಕದ್ದಲ್ಲ. ಅದಕ್ಕೇ ಹಾಲೆ ಮರದಲ್ಲಿ ಹೊಸ ಹಿಡಿಕೆ ಕಡೆದು ಅರಿಶಿನ ಸೇರಿಸಿದ ಅರಗು ಹಾಕಿಕೊಟ್ಟರು. ಅರಗು ಬಾಯಿಗೆ ಹೋದರೂ ತೊಂದರೆ ಇಲ್ಲ, ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಹೊಳಪಿಗೆ ಹಾಕೋದೂ ಅದನ್ನೇ. ಕಂಬಗಳ ಮೇಲೂ ತೆಳ್ಳಗೆ ಬಣ್ಣ ಇಲ್ಲದ ಹೊಸ ಅರಗಿನ ಒಂದು ಪದರ ಹಾಕಿದ್ದಾರೆ. ಹಳೇ ಹಿಡಿಕೆ, ಹಳೇ ಗಿಳಿ ಎರಡೂ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿವೆ. ಮಗು ಗಾಡಿ ಬಿಟ್ಟಮೇಲೆ ನಾಲ್ಕು ಸ್ಕ್ರೂ ಬಿಚ್ಚಿದರೆ ಗಾಡಿ ಮತ್ತೆ ಹಳೇ ಗಾಡಿಯೇ. ಹಳೇದನ್ನು ಹಾಳು ಮಾಡದೆ ಹೊಸದನ್ನು ಸೇರಿಸೋದು, ಬೇಡ ಅಂದಾಗ ತೆಗೆಯೋಕೆ ಬರಬೇಕು, ಇದಕ್ಕಿಂತ ಒಳ್ಳೇ ರಿಪೇರಿ ನನಗೆ ಗೊತ್ತಿಲ್ಲ.

ನಿಮಗೆ ಅರಿಶಿನ, ನೀಲಿ ಗಿಡದ ಬಣ್ಣ, ಕಾಚು ಇಂಥ ಬಣ್ಣವೇ ಬೇಕಿದ್ದರೆ ಬಾಯಿಬಿಟ್ಟು ಕೇಳಿ. ಎಲ್ಲಾ ಕಾರ್ಖಾನೆಯಲ್ಲೂ ಅದನ್ನೇ ಬಳಸಲ್ಲ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ ಅನ್ನೋದೂ ಗೊತ್ತಿರಲಿ, ಗಾಡಿಯನ್ನು ಕಿಟಕಿ ಪಕ್ಕ ನಿಲ್ಲಿಸಬೇಡಿ.

ಒಂದು ವಿಷಯಕ್ಕೆ ಯಜಮಾನರಿಗೂ ನನಗೂ ವಾದ ಆಯಿತು. ಮೂರು ಚಕ್ರವನ್ನೂ ಹೊಸದಾಗಿ ಮಾಡಿಬಿಡೋಣ, ಇಲ್ಲದಿದ್ದರೆ ಒಂದು ಎತ್ತರ ಎರಡು ಗಿಡ್ಡ ಆಗುತ್ತೆ ಅಂತ ಅವರು. ಸವೆದದ್ದು ನಿಜ, ಆದರೆ ಎರಡು ಚಕ್ರ ಗಟ್ಟಿಯಾಗಿದ್ದವು. ಹೊಸದನ್ನೇ ಸವೆದವುಗಳ ಅಳತೆಗೆ ಸ್ವಲ್ಪ ಚಿಕ್ಕದಾಗಿ ಕಡೆಯಿರಿ ಅಂದೆ. ಮನಸ್ಸಿಲ್ಲದೆ ಒಪ್ಪಿದರು, ಆದರೆ ಕೆಲಸದಲ್ಲಿ ಅದನ್ನು ತೋರಿಸಲಿಲ್ಲ. ಗಾಡಿ ಸೀದಾ ಹೋಗುತ್ತದೆ, ಕೊಡತಿ ಟಕಟಕ ಬಡಿಯುತ್ತದೆ. ಹೊಸ ಚಕ್ರ ಎದ್ದು ಕಾಣುತ್ತದೆ, ಅದನ್ನು ಸುಮ್ನೆ ಹಳೇದರ ಹಾಗೆ ಮಂಕು ಮಾಡೋದು ಬೇಡ ಅಂದದ್ದೂ ನಾನೇ. ರಿಪೇರಿ ಆದ ಜಾಗ ರಿಪೇರಿ ಅಂತ ಕಾಣಲಿ.

ಇನ್ನು ಬೇಸರದ ವಿಷಯಗಳು. ಹೇಳಿದ ದಿನಕ್ಕೆ ಕೊಡಲ್ಲ. ದಸರಾ ಮುಂಚೆ ಕೊಟ್ಟರೆ ಕೇಳಲೇಬೇಡಿ, ಗೊಂಬೆ ಆರ್ಡರ್‌ಗಳೇ ಅವರಿಗೆ ಮುಖ್ಯ, ಅದು ಅವರ ಹೊಟ್ಟೆಪಾಡು. ಆದರೆ ತಡ ಆಗುತ್ತೆ ಅಂತ ಒಂದು ಫೋನ್ ಮಾಡಬಹುದಿತ್ತು. ಬಿಲ್ ಇಲ್ಲ, ಏನೇನು ಮಾಡಿದೆವು ಅನ್ನೋ ಚೀಟಿಯೂ ಇಲ್ಲ. ಕೆಲಸಕ್ಕೆ ಮುಂಚಿನ ಫೋಟೋ ನೀವೇ ತೆಗೆದಿಟ್ಟುಕೊಳ್ಳಿ, ಎಲ್ಲಾ ಮಗ್ಗುಲಿಂದ, ಸ್ಕ್ರೂಗಳ ಸಮೇತ. ಅತೀ ಕೋಪ ಬಂದದ್ದು ಪ್ಯಾಕಿಂಗ್ ನೋಡಿ. ಆಗಷ್ಟೇ ಅರಗು ಹಾಕಿದ ಕಂಬಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಬೇಸಿಗೆ, ಮಧ್ಯಾಹ್ನ, ಕಾರಿನ ಡಿಕ್ಕಿ. ಮನೆಗೆ ಬಂದು ಬಿಚ್ಚಿದರೆ ಒಂದು ಕಂಬದ ಮೇಲೆ ಪತ್ರಿಕೆಯ ಅಕ್ಷರಗಳು ಅಚ್ಚಾಗಿ ಕೂತಿದ್ದವು, ಅಲ್ಲಲ್ಲಿ ಕಾಗದವೂ ಅಂಟಿಕೊಂಡಿತ್ತು. ಇಷ್ಟು ನಾಜೂಕಾಗಿ ಕೆಲಸ ಮಾಡಿದ ಕೈ ಕೊನೆಗೆ ಇದೊಂದು ಯೋಚನೆ ಮಾಡಲಿಲ್ಲವಲ್ಲ ಅಂತ ತುಂಬಾ ನೋವಾಯಿತು. ಮತ್ತೆ ತೆಗೆದುಕೊಂಡು ಹೋದಾಗ ಮಾತಿಲ್ಲದೆ ಸರಿ ಮಾಡಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಆದರೂ ಓಡಾಟ ನಮ್ಮದೇ. ನೀವು ಹೋಗುವಾಗ ಹಳೇ ಹತ್ತಿ ಪಂಚೆಯೋ ಸೀರೆಯೋ ತೆಗೆದುಕೊಂಡು ಹೋಗಿ, ಸಂಜೆ ತಂಪಲ್ಲಿ ವಾಪಸ್ ಬನ್ನಿ.

ದುಡ್ಡು: ಹೊಸ ಚಕ್ರ, ಕಂಬಿ, ಹೊಸ ಹಿಡಿಕೆ, ಹಲಗೆ, ಅರಗಿನ ಕೆಲಸ ಎಲ್ಲಾ ಸೇರಿ ಮೂರು ಸಾವಿರದ ಒಳಗೆ. ಇದೇ ದುಡ್ಡಿಗೆ ಹೊಸ ಗಾಡಿ ತಗೊಂಡು ಇನ್ನೂ ಉಳಿಯುತ್ತದೆ. ಬರೀ ಮಗು ನಡೆಯೋಕೆ ಗಾಡಿ ಬೇಕು ಅನ್ನುವವರು ಹೊಸದನ್ನೇ ತಗೊಳ್ಳಿ, ಅದೂ ಅದೇ ಊರಲ್ಲಿ. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಆದರೂ ಚನ್ನಪಟ್ಟಣದಂಥ ಭೌಗೋಳಿಕ ಸೂಚಿ (ಇದು ಇಂಥ ಊರಿನದ್ದೇ ಅನ್ನೋ ಜಿಐ ಗುರುತು) ಪಡೆದ ಕೈಕಸುಬಿನ ಆಟಿಕೆಗಳಿಗೆ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದರೆ, ವಿನಾಯಿತಿ ಇದೆ. ಹಾಗಾಗಿ ಗುರುತಿಲ್ಲ ಅಂತ ಹೆದರಬೇಡಿ, ಯಾವ ಬಣ್ಣ ಹಾಕಿದ್ದೀರಿ ಅಂತ ಕೇಳಿ.

ಮನೆಗೆ ತಂದಮೇಲೆ ನೋಡಿಕೊಳ್ಳೋದು ಕಷ್ಟ ಇಲ್ಲ. ಅರಗಿಗೆ ಶತ್ರು ಮೂರು: ಸ್ಪಿರಿಟ್, ಸೋಡಾ, ಬಿಸಿಲು. ಕೊರೋನಾ ಆದಮೇಲೆ ಎಲ್ಲರ ಮನೆಯಲ್ಲೂ ಮಕ್ಕಳ ಸಾಮಾನಿಗೆ ಸ್ಯಾನಿಟೈಸರ್ ಒರೆಸೋ ಅಭ್ಯಾಸ ಬಂದಿದೆ. ಅದರಲ್ಲಿರೋ ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ, ಯಜಮಾನರು ಹತ್ತಿಯಲ್ಲಿ ಒರೆಸಿ ನೋಡಿದ್ದೂ ಅದನ್ನೇ. ಬಟ್ಟೆ ಸೋಪಿನ ಪುಡಿ, ವಾಷಿಂಗ್ ಸೋಡಾ ಕೂಡ ಬೇಡ. ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೀರಲ್ಲಿ ನೆನೆಸಬೇಡಿ.

ಒಟ್ಟು ಮಾರ್ಕು ಕೊಡೋದಾದರೆ ಐದಕ್ಕೆ ನಾಲ್ಕು. ಕೆಲಸಕ್ಕೆ ಐದಕ್ಕೆ ಐದೇ. ಗಾಡಿ, ಕುದುರೆ, ಬುಗುರಿ, ಅಡುಗೆ ಆಟದ ಸಾಮಾನು, ಲೇತ್ ಮೇಲೆ ಕಡೆದದ್ದು ಯಾವುದಿದ್ದರೂ ತೆಗೆದುಕೊಂಡು ಹೋಗಬಹುದು. ಕಿನ್ನಾಳದ ಗೊಂಬೆ ಇದ್ದರೆ ಇಲ್ಲಿಗೆ ತರಬೇಡಿ, ಅದನ್ನು ಕೆತ್ತಿ, ಮೇಲೆ ಲೇಪ ಕೊಟ್ಟು ಕುಂಚದಲ್ಲಿ ಬಣ್ಣ ಹಾಕಿರುತ್ತಾರೆ, ಅದರ ಕೈ ಬೇರೆ, ಕೊಪ್ಪಳದ ಕಡೆಯೇ ಹೋಗಬೇಕು. ಯಾರ ಹತ್ತಿರ ಕೊಟ್ಟರೂ ಕೆಲಸ ಶುರು ಮಾಡೋ ಮುಂಚೆ, ಏನೇನು ತೆಗೆಯುತ್ತೀರಿ, ಏನೇನು ಹಾಗೇ ಬಿಡುತ್ತೀರಿ ಅಂತ ಬಿಡಿಬಿಡಿಯಾಗಿ ಕೇಳಿ. ಎಲ್ಲಾ ಉಜ್ಜಿ ಹೊಸದು ಮಾಡಿಕೊಡ್ತೀವಿ ಅಂತ ಮೊದಲ ಮಾತಲ್ಲೇ ಹೇಳಿದರೆ ಆಟಿಕೆ ಎತ್ತಿಕೊಂಡು ಪಕ್ಕದ ಕಾರ್ಖಾನೆಗೆ ನಡೆಯಿರಿ.